ಮೆಲ್ಲಗೆ ಹಾಡಿದವರಿಗೆ ವಿಶೇಷ ರೈಲು

ಕೋಲ್ಡ್‌ಪ್ಲೇ ಎಂಬ ಬ್ರಿಟಿಷ್ ರಾಕ್ ತಂಡದ ಮೊದಲ ಆಲ್ಬಮ್ ‘ಪ್ಯಾರಾಶೂಟ್ಸ್’ನಲ್ಲಿ ಗಲಾಟೆ ಅನ್ನುವಂಥದ್ದು ಹುಡುಕಿದರೂ ಸಿಗುವುದಿಲ್ಲ. ನಲವತ್ತು ಚಿಲ್ಲರೆ ನಿಮಿಷ, ಗಿಟಾರು, ಆಗಾಗ ಪಿಯಾನೊ, ಅದರ ಮೇಲೆ ಗಾಯಕ ಕ್ರಿಸ್ ಮಾರ್ಟಿನ್‌ನ ದನಿ. ಆ ದನಿಯೂ ಮೇಲಕ್ಕೆ ಏರಬೇಕಾದ ಕಡೆಯಲ್ಲೆಲ್ಲ ತೆಳುವಾದ ಕಳ್ಳದನಿಗೆ ಜಾರಿಕೊಳ್ಳುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಅನ್ನುವ ಹಾಗೆ. ಮೊದಲ ಹಾಡೇ ‘ಡೋಂಟ್ ಪ್ಯಾನಿಕ್’. 2000ದ ಜುಲೈ 10ರಂದು ಇದು ಬಿಡುಗಡೆಯಾದಾಗ ಇವರೆಲ್ಲ ಇಪ್ಪತ್ತೊಂದರಿಂದ ಇಪ್ಪತ್ತಮೂರರ ಹುಡುಗರು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ಓದುವಾಗ ಜೊತೆಯಾದವರು. ಗಾಯಕ ಓದಿದ್ದು ಗ್ರೀಕ್ ಮತ್ತು ಲ್ಯಾಟಿನ್.

ಇಂಥ ಸಾಧು ಹುಡುಗರನ್ನು ಕಂಡರೆ ಬ್ರಿಟನ್ನಿನ ಹಿರಿಯರಿಗೆ ಮೈಯೆಲ್ಲ ಉರಿ. ರಾಕ್ ಗಾಯಕ ಅಂದಮೇಲೆ ಹೋಟೆಲಿನ ಟಿವಿಯನ್ನು ಕಿಟಕಿಯಿಂದಾಚೆ ಎಸೆಯಬೇಕು, ವಿಮಾನದಲ್ಲಿ ಜಗಳ ತೆಗೆಯಬೇಕು, ಸ್ವಂತ ಅಣ್ಣನ ಮೇಲೆ ಕೈ ಮಾಡಬೇಕು. ಅಣ್ಣತಮ್ಮಂದಿರ ಜಗಳವನ್ನೇ ಅರ್ಧ ಬಂಡವಾಳ ಮಾಡಿಕೊಂಡಿದ್ದ ಒಯಾಸಿಸ್ ತಂಡವನ್ನು ಬೆಳಕಿಗೆ ತಂದ ಕ್ರಿಯೇಷನ್ ರೆಕಾರ್ಡ್ಸ್‌ನ ಅಲನ್ ಮೆಕ್‌ಗೀ, ಕೋಲ್ಡ್‌ಪ್ಲೇಯದು ಹಾಸಿಗೆ ಒದ್ದೆ ಮಾಡಿಕೊಳ್ಳುವವರ ಸಂಗೀತ ಎಂದು ಪತ್ರಿಕೆಯಲ್ಲೇ ತೀರ್ಪು ಕೊಟ್ಟರು. ಒದ್ದೆ ಹಾಸಿಗೆಯ ಆಲ್ಬಮ್ಮು ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. 2001ರಲ್ಲಿ ಬ್ರಿಟ್ ಪ್ರಶಸ್ತಿ, 2002ರಲ್ಲಿ ಗ್ರ್ಯಾಮಿ. ಒಣ ಹಾಸಿಗೆಯವರು ಅಷ್ಟೊಂದು ಮಂದಿ ಇರಲಿಲ್ಲವೋ ಏನೋ.

ಆಗ ಖರ್ಚಾದರೂ ಎಷ್ಟು ಮಹಾ! ಆಲ್ಬಮ್ಮಿನ ಹೊದಿಕೆಯ ಮೇಲೆ ಕಾಣುವ ಹಳದಿ ಭೂಗೋಳ ಅಂಗಡಿಯಲ್ಲಿ ಹತ್ತು ಪೌಂಡಿಗೆ ಕೊಂಡ, ಒಳಗೆ ದೀಪ ಉರಿಯುವ ಪ್ಲಾಸ್ಟಿಕ್ ಗೋಳ. ಚಿತ್ರ ತೆಗೆದದ್ದು ಒಮ್ಮೆ ಬಳಸಿ ಬಿಸಾಡುವ ಕೊಡಾಕ್ ಕ್ಯಾಮೆರಾದಲ್ಲಿ. ಇದೇ ಆಲ್ಬಮ್ಮಿನ ‘ಯೆಲ್ಲೋ’ ಹಾಡಿನ ವಿಡಿಯೊ ನೋಡಿ. ಡಾರ್ಸೆಟ್‌ನ ಸ್ಟಡ್‌ಲ್ಯಾಂಡ್ ಕಡಲತೀರ, ಬೆಳಗಿನ ಮಬ್ಬು, ಮಳೆ. ಅಂದೇ ಡ್ರಮ್ಮರ್ ವಿಲ್ ಚಾಂಪಿಯನ್‌ರ ತಾಯಿಯ ಅಂತ್ಯಸಂಸ್ಕಾರ ಇದ್ದದ್ದರಿಂದ ತಂಡದ ಮಿಕ್ಕವರು ಚಿತ್ರದಲ್ಲಿಲ್ಲ. ಮಳೆಯಂಗಿ ಹಾಕಿಕೊಂಡ ಮಾರ್ಟಿನ್ ಒಬ್ಬನೇ ಕ್ಯಾಮೆರಾದ ಕಡೆಗೆ ನಡೆದು ಬರುತ್ತಾನೆ, ಒದ್ದೆ ಕೂದಲು ಹಣೆಗೆ ಅಂಟಿದೆ, ಆಗಾಗ ಕೈಯನ್ನು ತೋಳಿನೊಳಕ್ಕೆ ಎಳೆದುಕೊಳ್ಳುತ್ತಾನೆ. ಶುರುವಿನಿಂದ ಕೊನೆಯವರೆಗೆ ಒಂದೇ ಶಾಟ್, ಕುಣಿಯುವವರೂ ಇಲ್ಲ, ಕಾಗದದ ಚೂರುಗಳ ಮಳೆಯೂ ಇಲ್ಲ. ನೋಡಲು ನಿಂತ ಜನವಂತೂ ಇಲ್ಲವೇ ಇಲ್ಲ.

ಆ ಜನ ಎಲ್ಲಿ ಹೋಗಿದ್ದರು ಅನ್ನುವುದು 2024ರ ಸೆಪ್ಟೆಂಬರ್ 22ರ ಭಾನುವಾರ ಮಧ್ಯಾಹ್ನ 12 ಗಂಟೆಗೆ ಗೊತ್ತಾಯಿತು. ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2025ರ ಜನವರಿಯಲ್ಲಿ ನಡೆಯಲಿದ್ದ ಕಾರ್ಯಕ್ರಮಗಳ ಟಿಕೆಟ್ ಮಾರಾಟ ಅದು. ಮಾರುವ ಕಂಪನಿಯೇ ಆಮೇಲೆ ಹೇಳಿಕೊಂಡಂತೆ ಒಂದು ಕೋಟಿ ಮೂವತ್ತು ಲಕ್ಷ ಜನ ಮುಗಿಬಿದ್ದರು. ಜಾಲತಾಣ ಮೊದಲೇ ಕಣ್ಣು ಮುಚ್ಚಿತ್ತು. ಎದ್ದಮೇಲೆ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿತು. ಸಾಲು ಬೆಳೆಯುವುದನ್ನು ನೋಡಿ ಸಂಘಟಕರು ಅಲ್ಲೇ ಮೂರನೇ ದಿನದ ಕಾರ್ಯಕ್ರಮ ಸೇರಿಸಿದರು. ಕೋಟಿಯ ಲೆಕ್ಕಕ್ಕೆ ಅದು ಯಾವ ಮೂಲೆಗೆ?

ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಹುಡುಗನೂ ಸಾಲಿನಲ್ಲಿದ್ದ. ಎದುರಿಗೆ ಆಫೀಸಿನ ಲ್ಯಾಪ್‌ಟಾಪು, ಪಕ್ಕದಲ್ಲಿ ತಂಗಿಯ ಲ್ಯಾಪ್‌ಟಾಪು, ತೊಡೆಯ ಮೇಲೆ ತನ್ನ ಫೋನು, ಚಾರ್ಜರಿಗೆ ಕಟ್ಟಿಹಾಕಿದ ಅಪ್ಪನ ಫೋನು. ಪರದೆಯ ಮೇಲೆ ಒಂದು ಸಂಖ್ಯೆ: ನಿಮ್ಮ ಮುಂದೆ ಇಷ್ಟು ಲಕ್ಷ ಜನ ಇದ್ದಾರೆ.

“ಲೋ, ಅನ್ನ ಆರ್ತಾ ಇದೆ, ಬಾರೋ,” ಅಂದರು ಅವನ ಅಮ್ಮ ಒಳಗಿನಿಂದ.

“ಈಗ ಎದ್ರೆ ಜಾಗ ಹೋಗುತ್ತಮ್ಮಾ!”

“ಯಾವ ಜಾಗ? ಮನೇಲೇ ಕೂತಿದ್ದೀಯಲ್ಲೋ.”

ಅಮ್ಮನಿಗೆ ಡಿಜಿಟಲ್ ಭಾರತ ಅರ್ಥವಾಗಿರಲಿಲ್ಲ. ರೇಷನ್ ಅಂಗಡಿಯ ಮುಂದೆ ಚೀಲ ಇಟ್ಟು, ಅದರ ಮೇಲೆ ಕಲ್ಲು ಹೇರಿ, ಪಕ್ಕದವರಿಗೆ ಹೇಳಿ ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿ ಹೋಗುತ್ತಿದ್ದ ಕಾಲದವರು ಅವರು. ಆ ಸಾಲಿನಲ್ಲಿ ಕಲ್ಲಿಗೂ ಒಂದು ಮರ್ಯಾದೆ ಇತ್ತು. ಇಲ್ಲಿ ಫೋನಿನ ಪರದೆ ಕತ್ತಲಾದರೂ ಎದೆ ಧಸಕ್ಕನ್ನುತ್ತದೆ.

ನಾನು ಸುಮ್ಮನಿರದೆ, “ಪ್ಯಾರಾಶೂಟ್ಸ್ ಕೇಳಿದ್ದೀಯೇನಪ್ಪಾ?” ಅಂದೆ.

“ಅಯ್ಯೋ, ಅದಾ ಅಂಕಲ್? ರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ಹಾಕ್ಕೋತೀನಿ. ಎರಡನೇ ಹಾಡು ಮುಗಿಯೋದ್ರೊಳಗೆ ಔಟ್.”

ಒಂದು ಟಿಕೆಟ್ಟಿನ ಬೆಲೆ 2,500 ರೂಪಾಯಿಯಿಂದ 35,000 ರೂಪಾಯಿವರೆಗೆ. ಎರಡನೇ ಹಾಡಿಗೆ ನಿದ್ದೆ ಬರಿಸುವವರನ್ನು ನಿಂತುಕೊಂಡು ನೋಡುವುದಕ್ಕೆ ಇಷ್ಟು ತೆರಬೇಕಾದರೆ ಔಷಧಿ ಅಂಗಡಿಯ ಗುಳಿಗೆ ಅಗ್ಗ ಅನ್ನಬೇಕೆನಿಸಿತು. ಹುಡುಗನ ಮುಖ ನೋಡಿ ನುಂಗಿಕೊಂಡೆ.

ಟಿಕೆಟ್ಟುಗಳು ನೋಡನೋಡುತ್ತ ಮುಗಿದವು. ಮುಗಿದ ಟಿಕೆಟ್ಟುಗಳೇ ಮರುಮಾರಾಟದ ತಾಣಗಳಲ್ಲಿ ಲಕ್ಷ ಲಕ್ಷದ ಚೀಟಿ ಅಂಟಿಸಿಕೊಂಡು ಮತ್ತೆ ಹುಟ್ಟಿದವು. ದೂರು ಹೋಯಿತು, ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಟಿಕೆಟ್ ಕಂಪನಿಯ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿತು. ಅಕ್ಟೋಬರಿನಲ್ಲಿ ಸಾಕ್ಷಾತ್ ಜಾರಿ ನಿರ್ದೇಶನಾಲಯವೇ ದೆಹಲಿ, ಮುಂಬೈ, ಜೈಪುರ, ಚಂಡೀಗಢ ಮತ್ತು ನಮ್ಮ ಬೆಂಗಳೂರಿನಲ್ಲಿ ಒಟ್ಟು 13 ಕಡೆ ಶೋಧ ನಡೆಸಿ ಮೊಬೈಲು, ಲ್ಯಾಪ್‌ಟಾಪು, ಸಿಮ್ ಕಾರ್ಡುಗಳನ್ನು ಎತ್ತಿಕೊಂಡು ಹೋಯಿತು. ಪಂಜಾಬಿ ಗಾಯಕ ದಿಲ್ಜಿತ್ ದೊಸಾಂಜ್ ಕಾರ್ಯಕ್ರಮದ ಟಿಕೆಟ್ಟುಗಳ ತನಿಖೆಯೂ ಅದರಲ್ಲೇ ಸೇರಿತ್ತು. ಗಣಿ, ಹವಾಲಾ, ಬ್ಯಾಂಕ್ ವಂಚನೆ ಎಂದು ದಣಿದ ಅಧಿಕಾರಿಗಳಿಗೆ ಸ್ವಲ್ಪ ಸಂಗೀತದ ಬದಲಾವಣೆ. ಕಳ್ಳದನಿಯ ಗಾಯಕನ ಟಿಕೆಟ್ಟು ಕಳ್ಳಸಂತೆ ಸೇರಿತೆಂದು ಪಂಚನಾಮೆ ಬರೆಯುವವರು, ಹಿನ್ನೆಲೆಯಲ್ಲಿ ಆ ಹಾಡನ್ನೇ ಹಾಕಿಕೊಂಡಿದ್ದರೆ ಎರಡನೇ ಪುಟ ತಲುಪುತ್ತಿದ್ದರೇ ಅನ್ನುವುದು ಅನುಮಾನ.

ಇದು ನಮ್ಮವರ ಹುಚ್ಚು ಮಾತ್ರ ಅಂದುಕೊಂಡು ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಮುಂಬೈಯ ಟಿಕೆಟ್ ಮಾರಾಟಕ್ಕೆ ಮೂರು ವಾರ ಮುಂಚೆ, ಆಗಸ್ಟ್ 31ರಂದು, ಬ್ರಿಟನ್ನಿನಲ್ಲಿ ಅದೇ ಜಗಳಗಂಟ ಒಯಾಸಿಸ್ ಅಣ್ಣತಮ್ಮಂದಿರು ಮತ್ತೆ ಒಂದಾದ ಸಂಭ್ರಮದ ಟಿಕೆಟ್ಟು ಬಿಟ್ಟಿದ್ದರು. ಜನ ಸಾಲಿನಲ್ಲಿ ನಿಂತು ಸುಸ್ತಾಗುವಷ್ಟರಲ್ಲಿ ಸುಮಾರು 148 ಪೌಂಡಿನ ಟಿಕೆಟ್ಟು 355 ಪೌಂಡಿಗೆ ಏರಿತ್ತು. ಬೇಡಿಕೆ ಹೆಚ್ಚಿದಂತೆ ಬೆಲೆ ಹೆಚ್ಚಿಸುವ ವಿದ್ಯೆಯಂತೆ. ಮಳೆ ಬಂದ ಕೂಡಲೆ ಮೀಟರಿನ ಮೇಲೆ ಐವತ್ತು ಕೇಳುವ ನಮ್ಮ ಆಟೊದವರನ್ನು ವರ್ಷಗಟ್ಟಲೆ ಬೈದೆವಲ್ಲ, ಅವರೆಲ್ಲ ಅರ್ಥಶಾಸ್ತ್ರಜ್ಞರು! ಅಲ್ಲಿ ಮಂತ್ರಿಗಳು ಗುಡುಗಿದರು, ಸ್ಪರ್ಧಾ ಪ್ರಾಧಿಕಾರ ತನಿಖೆಗೆ ಇಳಿಯಿತು. ಹಾಸಿಗೆ ಒದ್ದೆಯಾಗಲಿ, ಹಾಸಿಗೆಗೆ ಬೆಂಕಿಯೇ ಹಚ್ಚಲಿ, ಟಿಕೆಟ್ ಮಾರುವವನು ಎರಡಕ್ಕೂ ಒಂದೇ ಬಗೆಯಲ್ಲಿ ಬೆಲೆ ಕಟ್ಟುತ್ತಾನೆ.

ಇನ್ನು ಪರಿಸರ. 2019ರಲ್ಲಿ ಮಾರ್ಟಿನ್ ಸಾಹೇಬರು ಭೂಮಿಗೆ ಹೊರೆಯಾಗದ ದಾರಿ ಸಿಗುವ ತನಕ ಪ್ರವಾಸ ಬೇಡ ಎಂದು ಕೂತರು. 2022ರಲ್ಲಿ ದಾರಿ ಸಿಕ್ಕಿತು. ಆಗ ಹೊರಟ ಪ್ರವಾಸದ ಕಾರ್ಯಕ್ರಮಗಳಲ್ಲಿ ಅಭಿಮಾನಿಗಳು ಸೈಕಲ್ ತುಳಿದರೆ ವಿದ್ಯುತ್ತು, ನೆಲದ ಮೇಲೆ ಕುಪ್ಪಳಿಸಿದರೆ ವಿದ್ಯುತ್ತು. ಎಲ್ಲರ ಮಣಿಕಟ್ಟಿಗೂ ಮಿನುಗುವ ಪಟ್ಟಿ. ಸಸ್ಯಮೂಲದ್ದು, ಮರಳಿ ಕೊಟ್ಟು ಹೋಗಬೇಕಿತ್ತು. ದುಡ್ಡು ಕೊಟ್ಟು ಒಳಗೆ ಬಂದು, ಗಾಯಕನಿಗೆ ತಾನೇ ಸೈಕಲ್ ತುಳಿದು ಕರೆಂಟು ಕೊಡುವ ಗಿರಾಕಿ ಬೇರೆ ಯಾವ ವ್ಯಾಪಾರದಲ್ಲಿ ಸಿಕ್ಕಾನು? ಹಳೆಯ ಪ್ರವಾಸಕ್ಕೆ ಹೋಲಿಸಿದರೆ ತಮ್ಮ ನೇರ ಇಂಗಾಲದ ಹೊರಸೂಸುವಿಕೆ 59 ಶೇಕಡ ಇಳಿದಿದೆ ಎಂದು 2024ರಲ್ಲಿ ತಂಡ ಲೆಕ್ಕ ಕೊಟ್ಟಿತು. ಪ್ರಾಮಾಣಿಕ ಲೆಕ್ಕವೇ, ಪ್ರಯತ್ನವೂ ದೊಡ್ಡದೇ. ಆದರೆ ‘ನೇರ’ ಅನ್ನುವುದರಲ್ಲಿ ಬೆಂಗಳೂರಿನಿಂದ ವಿಮಾನ ಹತ್ತಿ ಅಹಮದಾಬಾದಿಗೆ ಹೋಗಿ, ಮೂರು ನಿಮಿಷ ಸೈಕಲ್ ತುಳಿದು, ಅದರ ಫೋಟೊ ಹಾಕಿ, ಮತ್ತೆ ವಿಮಾನ ಹತ್ತಿ ವಾಪಸು ಬಂದವನ ಬಾಬತ್ತು ಸೇರುವುದಿಲ್ಲ. ಅವನದು ವಕ್ರ.

ಅಹಮದಾಬಾದು ಅಂದೆನಲ್ಲ. ಮುಂಬೈಯ ಮೂರು ದಿನ ಸಾಲದೆ ಜನವರಿ 25 ಮತ್ತು 26ಕ್ಕೆ ಅಲ್ಲಿನ ನರೇಂದ್ರ ಮೋದಿ ಕ್ರೀಡಾಂಗಣಕ್ಕೆ ಸಂಗೀತ ಹೋಯಿತು. ದಿನಕ್ಕೆ ಲಕ್ಷಕ್ಕೂ ಮೀರಿ ಜನ. ಪಶ್ಚಿಮ ರೈಲ್ವೆ ಬಾಂದ್ರಾ ಟರ್ಮಿನಸ್ಸಿನಿಂದ ವಿಶೇಷ ರೈಲು ಬಿಟ್ಟಿತು. ದೀಪಾವಳಿಗೆ ಊರಿಗೆ ಹೋಗಲು ವಿಶೇಷ ರೈಲು ಬಿಡಿ ಎಂದು ಪ್ರತಿ ವರ್ಷ ಅರ್ಜಿ ಬರೆಯುವ ಉತ್ತರ ಕರ್ನಾಟಕದ ಪ್ರಯಾಣಿಕರ ಸಂಘದವರು ಇದನ್ನು ಗಮನಿಸಬೇಕು. ಅರ್ಜಿಯಲ್ಲಿ ಅಜ್ಜಿ ಕಾಯುತ್ತಿದ್ದಾಳೆ, ಹಬ್ಬ ಇದೆ ಅಂತೆಲ್ಲ ಬರೆದು ಕಾಗದ ದಂಡ. ವಿಜಯಪುರದಲ್ಲಿ ಒಬ್ಬ ಬ್ರಿಟಿಷ್ ಗಾಯಕ ಮೆಲ್ಲಗೆ ಹಾಡಲಿದ್ದಾನೆ ಎಂದು ಒಂದು ಸಾಲು ಸೇರಿಸಿ ನೋಡಿ, ಎಷ್ಟು ಬೋಗಿ ಬೇಕು ಎಂದು ಅವರೇ ಕೇಳುತ್ತಾರೆ.

ಇಷ್ಟಾದ ಮೇಲೆ ಹಾಡು ಹಾಡಾಗಿಯೇ ಉಳಿಯುವುದು ಹೇಗೆ? ಜನವರಿ 28ರಂದು ಭುವನೇಶ್ವರದ ಹೂಡಿಕೆದಾರರ ಸಮಾವೇಶದಲ್ಲಿ ಪ್ರಧಾನಿಯವರು ಮುಂಬೈ, ಅಹಮದಾಬಾದುಗಳ ಕೋಲ್ಡ್‌ಪ್ಲೇ ಕಾರ್ಯಕ್ರಮಗಳನ್ನು ಎತ್ತಿ ಹೇಳಿ, ‘ಕನ್ಸರ್ಟ್ ಎಕಾನಮಿ’ಯತ್ತ, ಅಂದರೆ ಸಂಗೀತ ಕಾರ್ಯಕ್ರಮಗಳಿಂದ ಹುಟ್ಟುವ ಆದಾಯದತ್ತ, ರಾಜ್ಯಗಳು ಗಮನ ಕೊಡಬೇಕು ಎಂದು ಕರೆಕೊಟ್ಟರು. ಕರೆ ಬಂದಮೇಲೆ ನಮ್ಮಲ್ಲಿ ಸಮಿತಿ, ಉಪಸಮಿತಿ, ಏಕಗವಾಕ್ಷಿ ಅನುಮತಿ ಎಲ್ಲವೂ ಸಾಲುಸಾಲಾಗಿ ಬರುತ್ತವೆ. ನನ್ನ ಕಣ್ಣಿಗೆ ಈಗಲೇ ಆ ಸಭೆ ಕಾಣುತ್ತಿದೆ: ಗೋಡಂಬಿ ತಟ್ಟೆ, ನೀರಿನ ಬಾಟಲು, ಕಡತದ ಮೇಲೆ ‘ಮೃದು ಸಂಗೀತ (ಭಾರೀ)’ ಎಂಬ ಶೀರ್ಷಿಕೆ. ಪಾರ್ಕಿಂಗ್, ಮೊಬೈಲ್ ಶೌಚಾಲಯ, ಗಣ್ಯರ ಪಾಸುಗಳ ಚರ್ಚೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಒಂದು ದಾಟಿದೆ. ಕೊನೆಗೆ ಕಿರಿಯ ಅಧಿಕಾರಿಯೊಬ್ಬರು ಎದ್ದು, “ಸರ್, ಒಂದ್ಸಲ ಆ ಆಲ್ಬಮ್ ಕೇಳಿ ನೋಡೋಣವಾ?” ಅನ್ನುತ್ತಾರೆ. ಅಧ್ಯಕ್ಷರು ಗಡಿಯಾರ ನೋಡಿಕೊಂಡು, “ಎಷ್ಟು ನಿಮಿಷ ಇದೆ?” ಅಂತ ಕೇಳಿ, ಉತ್ತರ ಬರುವಷ್ಟರಲ್ಲಿ ಊಟಕ್ಕೆ ಎದ್ದಿರುತ್ತಾರೆ.