ನಿಮಿಷಕ್ಕೆ ಹದಿನಾಲ್ಕು

ಇವತ್ತು ಬೆಳಿಗ್ಗೆ ಬೆಣ್ಣೆ ದೋಸೆ ಹೋಟೆಲಿನಲ್ಲಿ ನನಗೆ ಬಿಕ್ಕಳಿಕೆ ಬಂತು. ಅದರಲ್ಲಿ ಬರೆಯುವಂಥದ್ದೇನಿದೆ ಎಂದು ಕೇಳಬೇಡಿ. ಎದುರಿಗೆ ಭಾವ ಕುಳಿತಿದ್ದರು.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ವಾರವೇ ಮಗ ಒಂದು ದೊಡ್ಡ ಮೊಬೈಲ್ ಕೊಡಿಸಿದ. ಅಂದಿನಿಂದ ಅವರಿಗೆ ಮನುಷ್ಯನ ದೇಹದ ಹುಚ್ಚು ಹತ್ತಿದೆ. ತಮ್ಮ ದೇಹದ್ದಲ್ಲ, ನನ್ನ ದೇಹದ್ದು. ಕಳೆದ ತಿಂಗಳು ಅವರ ಮನೆಯ ಹೊಸ್ತಿಲು ಎಡವಿ ಬೆರಳು ಹಿಡಿದುಕೊಂಡು ಕುಣಿಯುತ್ತಿದ್ದೆ. ಎಣ್ಣೆ ಹಚ್ಚುವ ಬದಲು, "ನೋಡಪ್ಪಾ, ದೇಹದಲ್ಲಿ 206 ಮೂಳೆ. ಒಂದೊಂದು ಪಾದದಲ್ಲಿ 26ರಂತೆ 52 ಪಾದಗಳಲ್ಲೇ ಇವೆ. ಅಂದರೆ ಕಾಲು ಭಾಗ! ಅದಕ್ಕೇ ಅದನ್ನು ಕಾಲು ಎನ್ನುತ್ತಾರೆ" ಎಂದು ತಾವೇ ನಕ್ಕರು. ತಲೆನೋವು ಎಂದರೆ "ಮಿದುಳಿಗೆ ನೋವಿನ ಅರಿವೇ ಇಲ್ಲವಪ್ಪಾ, ಅದನ್ನು ಕೊಯ್ದರೂ ಅದಕ್ಕೆ ಗೊತ್ತಾಗುವುದಿಲ್ಲ" ಎನ್ನುತ್ತಾರೆ. ಬೀಗದ ಕೈ ಮರೆತು ಬಾಗಿಲ ಮುಂದೆ ನಿಂತರೆ, ಮಿದುಳಿನ ತೂಕ ದೇಹದಲ್ಲಿ ಶೇಕಡಾ 2, ಆದರೆ ಅದು ತಿನ್ನುವ ಶಕ್ತಿ ಶೇಕಡಾ 20 ಎಂಬ ಲೆಕ್ಕ. ಅಷ್ಟು ತಿಂದೂ ಬೀಗದ ಕೈ ನೆನಪಿಡದ ಆಳನ್ನು ಇಟ್ಟುಕೊಂಡವನು ಎಂಬಂತೆ ನನ್ನನ್ನು ನೋಡುತ್ತಾರೆ.

ಭಾನುವಾರ ನಾವಿಬ್ಬರೂ ಕುಂದವಾಡ ಕೆರೆಯ ಏರಿ ಸುತ್ತಿ ಬರುತ್ತೇವೆ. ನಡೆದು ಕಳೆದುಕೊಂಡದ್ದನ್ನು ಮರಳಿ ಪಡೆಯಲು ಬೆಣ್ಣೆ ದೋಸೆ. ಸೌದೆ ಒಲೆಯಿಂದ ಇಳಿದ ದೋಸೆ, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ದಾವಣಗೆರೆಯವರಿಗೆ ಇದನ್ನು ವರ್ಣಿಸುವ ಅಗತ್ಯವಿಲ್ಲ, ಬೇರೆಯವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಇವತ್ತಿನ ಚಟ್ನಿಗೆ ಹಸಿಮೆಣಸಿನಕಾಯಿ ಒಂದು ಕೈ ಜಾಸ್ತಿಯಾಗಿತ್ತು. ಆತುರಕ್ಕೆ ಬಿಸಿ ತುತ್ತು ನುಂಗಿದೆ. ಹಿಕ್.

ಬೇರೆ ಯಾರಾದರೂ ನೀರಿನ ಲೋಟ ಮುಂದೆ ತಳ್ಳುತ್ತಿದ್ದರು. ಭಾವನ ಮುಖ ಅರಳಿತು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

"ಮಾತಾಡಬೇಡ, ಎಣಿಸುತ್ತಿದ್ದೇನೆ."

ಒಂದು ನಿಮಿಷ ನನ್ನ ಎದೆಯನ್ನೇ ನೋಡುತ್ತಾ ಕುಳಿತರು. ದೋಸೆ ಆರಿತು. ಬೆಣ್ಣೆ ಹೆಪ್ಪುಗಟ್ಟಿತು.

"ಹದಿನಾಲ್ಕು" ಎಂದು ಘೋಷಿಸಿದರು. "ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯು ಇದೆ. ಅದು ಹೇಳದೆ ಕೇಳದೆ ಸೆಟೆದುಕೊಂಡಾಗ ಗಾಳಿ ಒಳಗೆ ನುಗ್ಗುತ್ತದೆ. ತಕ್ಷಣ ಗಂಟಲಲ್ಲಿ ಧ್ವನಿಪೆಟ್ಟಿಗೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಹಿಕ್ ಅನ್ನುವುದು ಆ ಬಾಗಿಲು ಬಡಿದ ಸದ್ದು."

"ಬಾಗಿಲು ಬಡಿಯುವುದನ್ನು... ಹಿಕ್... ನಿಲ್ಲಿಸುವುದು ಹೇಗೆ?"

ಆ ಪ್ರಶ್ನೆ ಅವರ ಪಠ್ಯಕ್ರಮದಲ್ಲಿ ಇರಲಿಲ್ಲ. ಅವರಾಗಲೇ ಅಮೆರಿಕದ ಅಯೋವಾಕ್ಕೆ ಹೊರಟಿದ್ದರು. ಅಲ್ಲಿ ಚಾರ್ಲ್ಸ್ ಆಸ್ಬೋರ್ನ್ ಎಂಬಾತ 1922ರಲ್ಲಿ ಹಂದಿಯೊಂದನ್ನು ತೂಗಲು ಹೋದನಂತೆ. ಹಂದಿಯ ತೂಕ ಎಷ್ಟಾಯಿತೋ, ಇವನಿಗೆ ಬಿಕ್ಕಳಿಕೆ ಹತ್ತಿತು. ನಿಂತದ್ದು 1990ರಲ್ಲಿ. 68 ವರ್ಷ! ಅಂದಾಜು 43 ಕೋಟಿ ಸಲ ಬಿಕ್ಕಳಿಸಿದ. ನಿಂತ ಮರುವರ್ಷವೇ ತೀರಿಕೊಂಡ.

"ನಿನ್ನದು ನಿಮಿಷಕ್ಕೆ ಹದಿನಾಲ್ಕು" ಎಂದು ಭಾವ ಬಿಲ್ಲಿನ ಚೀಟಿ ತಿರುಗಿಸಿ ಪೆನ್ನು ತೆಗೆದರು. "ದಿನಕ್ಕೆ 20,160. ವರ್ಷಕ್ಕೆ 73 ಲಕ್ಷದ ಮೇಲೆ. ಅವನ ದಾಖಲೆ ಮುಟ್ಟಲು 58 ವರ್ಷ ಬೇಕು. ನಿನಗೀಗ 52." ಸ್ವಲ್ಪ ಯೋಚಿಸಿದರು. "ತಡವಾಯಿತಪ್ಪಾ. ಮೊದಲೇ ಶುರು ಮಾಡಬೇಕಿತ್ತು."

ಅಷ್ಟರಲ್ಲಿ ಹೋಟೆಲಿಗೆ ಹೋಟೆಲೇ ನನ್ನ ಚಿಕಿತ್ಸೆಗೆ ಇಳಿದಿತ್ತು. ಪಕ್ಕದ ಮೇಜಿನ ಹಿರಿಯರು ಉಸಿರು ಕಟ್ಟು ಎಂದರು. ಹಿಂದಿನ ಮೇಜಿನ ಹೆಂಗಸು ಸಕ್ಕರೆ ತರಿಸಿಕೊಟ್ಟರು. ಯಾರೋ "ಏನೋ ಕದ್ದು ತಿಂದಿರಬೇಕು ನೋಡಿ" ಎಂದು ಹಿಂದಿನಿಂದ ಬೆದರಿಸಲು ನೋಡಿದರು. ದುಡ್ಡು ಕೊಟ್ಟು ತಿನ್ನುವ ಜಾಗದಲ್ಲಿ ಕದಿಯುವುದೇನನ್ನು? ಬಿಲ್ ನೋಡಿದ ಕೂಡಲೇ ನಿಂತಿತು ಎಂದು ಬರೆದರೆ ನೀವು ನಗುತ್ತೀರಿ, ಗೊತ್ತು. ನಿಲ್ಲಲಿಲ್ಲ.

ಜನರ ಕೈ ಮೇಲಾಗುತ್ತಿರುವುದನ್ನು ಕಂಡು ಭಾವ ಕೊನೆಯ ಅಸ್ತ್ರ ತೆಗೆದರು. "ಇದಕ್ಕೆ ಮದ್ದು ಕಂಡುಹಿಡಿದವರಿಗೆ 2006ರಲ್ಲಿ ಇಗ್ ನೊಬೆಲ್ ಬಂದಿದೆ" ಎಂದು ತರಗತಿಯ ದನಿಯಲ್ಲಿ ಆರಂಭಿಸಿದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿಯಂತೆ ಅದು. ಹಂಚಿಕೊಂಡವರಲ್ಲಿ ಒಬ್ಬರು ಅಮೆರಿಕದ ವೈದ್ಯರು, ಉಳಿದವರು ಇಸ್ರೇಲಿನ ಹೈಫಾದವರು. ಎಲ್ಲರೂ ಕಿವಿ ನಿಮಿರಿಸಿದರು. ಆ ಮದ್ದನ್ನು ಭಾವ ಬಿಡಿಸಿ ಹೇಳಿದರು. ನಾನು ಹೇಳಲಾರೆ. ಹಸು ಗಬ್ಬವಾಗಿದೆಯೇ ಎಂದು ಪಶುವೈದ್ಯರು ಕೈ ಹಾಕಿ ನೋಡುತ್ತಾರಲ್ಲ, ಅದೇ ದಾರಿ. ಇಲ್ಲಿ ಒಂದು ಬೆರಳು ಸಾಕಂತೆ.

ಚಟ್ನಿ ಬಡಿಸಲು ಬಂದ ಹುಡುಗ ಸೌಟು ಎತ್ತಿದವನು ಎತ್ತಿದಂತೆಯೇ ನಿಂತ. ಸಕ್ಕರೆ ಕೊಟ್ಟ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಉಸಿರು ಕಟ್ಟು ಎಂದಿದ್ದ ಹಿರಿಯರು ತಾವೇ ಉಸಿರು ಕಟ್ಟಿದ್ದರು. ಭಾವ ಮಾತ್ರ ತೋರುಬೆರಳು ಎತ್ತಿ ಹಿಡಿದೇ ಇದ್ದರು, "ಎಲ್ಲಾ ವೇಗಸ್ ನರದ ಮಹಿಮೆ" ಎಂದು ಮುಗಿಸುವವರೆಗೂ. ಆ ಬೆರಳನ್ನು ಹೋಟೆಲಿನಲ್ಲಿದ್ದ ಒಬ್ಬರೂ ಮರೆಯುವುದಿಲ್ಲ. ಮುಂದಿನ ಭಾನುವಾರ ಅಲ್ಲಿಗೆ ಹೋಗುವ ಮುಖ ನನಗಿಲ್ಲ. ಭಾವನಿಗೆ ಇದೆ.

"ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುತ್ತಾರೆ" ಎಂದೆ, ಮಾತು ಬದಲಿಸಲು.

"ಮೂಢನಂಬಿಕೆ! ಗರ್ಭದಲ್ಲಿರುವ ಮಗುವೂ ಬಿಕ್ಕಳಿಸುತ್ತದೆ. ಅದನ್ನು ಯಾರು ನೆನೆಸಿಕೊಳ್ಳುತ್ತಾರೆ, ಹೇಳು?"

ಹೊತ್ತವಳು ಎಂದು ಹೇಳಬಹುದಿತ್ತು. ಹೇಳಲಿಲ್ಲ. ನಾನು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಬಿಕ್ಕಳಿಕೆ ಬಂದರೆ ನಂಟರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದೆ. ಅವ್ವನ ಹೆಸರಿಗೆ ನಿಲ್ಲುತ್ತಿತ್ತು. ಅವಳು ಆಗ ಜಗಳೂರಿನ ಕಡೆ ನಮ್ಮ ಊರಿನಲ್ಲಿದ್ದಳು. ರಜೆಗೆ ಹೋದಾಗ "ಬುಧವಾರ ಸಂಜೆ ನನ್ನನ್ನು ನೆನೆಸಿಕೊಂಡಿದ್ದೆಯಾ?" ಎಂದು ಕೇಳಿದರೆ, "ನಿನ್ನನ್ನು ನೆನೆಸಿಕೊಳ್ಳುತ್ತಾ ಕುಳಿತರೆ ಎಮ್ಮೆ ಕರೆಯುವವರು ಯಾರು?" ಎನ್ನುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಇವತ್ತೂ ಮನಸ್ಸಿನಲ್ಲೇ ಹೆಸರುಗಳನ್ನು ಹೇಳಿಕೊಂಡು ಬಂದೆ, ತಮ್ಮ, ಅಳಿಯ, ಸಾಲದ ಕಂತಿಗೆ ಕಾದಿರುವವರು. ಅವಳ ಹೆಸರು ನಾಲಿಗೆಯ ತುದಿಗೆ ಬಂದಾಗ ಸುಮ್ಮನಾದೆ. ಹೇಳಿದರೂ ನಿಲ್ಲದಿದ್ದರೆ?

ನಿಂತದ್ದು ಹದಡಿ ರಸ್ತೆಯಲ್ಲಿ, ಭಾವನ ಸ್ಕೂಟರಿನ ಹಿಂಬದಿಯಲ್ಲಿ. ಯಾವಾಗ ಎಂದು ನನಗೇ ಗೊತ್ತಾಗಲಿಲ್ಲ. ಗಮನಿಸಿದವರು ಅವರೇ. "ನಿಂತೇಬಿಟ್ಟಿತೇ?" ಎಂದು ಸ್ಕೂಟರ್ ನಿಲ್ಲಿಸಿ ಹಿಂದಿರುಗಿ ನೋಡಿದರು. ಉತ್ತರ ಪತ್ರಿಕೆಯನ್ನು ಅರ್ಧಕ್ಕೇ ಕೊಟ್ಟು ಎದ್ದುಹೋಗುವ ವಿದ್ಯಾರ್ಥಿಯನ್ನು ನೋಡುವ ನೋಟ ಅದು.

ಈಗ ರಾತ್ರಿ ಹತ್ತು. ಊಟ ಮುಗಿಸಿ ಎಂಟೂವರೆಗೆ ಇದನ್ನು ಬರೆಯಲು ಕುಳಿತೆ. ಇಗ್ ನೊಬೆಲ್ ಭಾಗಕ್ಕೆ ಬಂದಾಗ ಮೊಬೈಲ್ ಬಡಿದುಕೊಂಡಿತು. ಭಾವ.

"ಮಲಗಿದ್ದೆಯಾ? ಏನಿಲ್ಲ, ನನಗೆ... ಹಿಕ್... ಎಂಟೂವರೆಯಿಂದ ಹಿಡಿದುಕೊಂಡಿದೆ. ಸಕ್ಕರೆ ತಿಂದೆ, ಉಸಿರು ಕಟ್ಟಿದೆ." ಒಂದು ಕ್ಷಣ ತಡೆದರು. ಆಮೇಲೆ ದನಿ ತಗ್ಗಿಸಿ, "ನಿಜ ಹೇಳಪ್ಪಾ, ನೀನೇನಾದರೂ ನನ್ನನ್ನು ನೆನೆಸಿಕೊಳ್ಳುತ್ತಿದ್ದೀಯಾ?"

"ಇಲ್ಲವಲ್ಲ ಭಾವ" ಎಂದು ಮೊಬೈಲ್ ಕೆಳಗಿಟ್ಟು, ಬೆರಳಿನ ವಿಷಯಕ್ಕೆ ಇನ್ನೊಂದು ಸಾಲು ಸೇರಿಸಿದೆ.