ಮುದ್ದೆಗೂ ಒಂದು ತವರಿದೆ

ಹೊರನಾಡಿನಲ್ಲಿ ಊಟದ ಮಾತು ಬಂತೆಂದರೆ ನಾವು ಕನ್ನಡಿಗರು ರಾಗಿಮುದ್ದೆಯನ್ನು ‘ಅಪ್ಪಟ ನಮ್ಮದು’ ಎನ್ನುತ್ತೇವೆ. ಉಗಾಂಡದಲ್ಲಿ ನೆಲೆಸಿದವರಿಗೆ ಈ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ. ಇಲ್ಲಿಂದ ಇಥಿಯೋಪಿಯದವರೆಗಿನ ಎತ್ತರದ ಸೀಮೆಯೇ ರಾಗಿಯ ಹುಟ್ಟುನೆಲ. ಅದರ ಕಾಡುಮೂಲದ ಹುಲ್ಲು ಈಗಲೂ ಇಲ್ಲಿನ ಹೊಲಗಳಲ್ಲಿ ಕಳೆಯಾಗಿ ಬೆಳೆಯುತ್ತದೆ. ತೆನೆ ಬರುವವರೆಗೆ ಪೈರು ಯಾವುದು, ಕಳೆ ಯಾವುದು ಎಂದು ತಿಳಿಯುವುದೇ ಕಷ್ಟ. ಕಾಳು ಮಾಗಿದಂತೆ ಉದುರಿಹೋಗುವ ಆ ಹುಲ್ಲಿನಲ್ಲಿ, ಉದುರದೆ ತೆನೆಯಲ್ಲೇ ಕಾಳು ನಿಲ್ಲಿಸಿಕೊಳ್ಳುವ ಗಿಡಗಳನ್ನು ತಲೆತಲಾಂತರ ಆರಿಸಿ ಬೆಳೆಯಾಗಿ ಪಳಗಿಸಿದವರು ಆಫ್ರಿಕದ ರೈತರು.

ಆಫ್ರಿಕದೊಂದಿಗೆ ಕರ್ನಾಟಕದ ನಂಟೆಂದರೆ ಆಫ್ರಿಕದಿಂದ ಬಂದು ಬಿಜಾಪುರದ ಸುಲ್ತಾನರಲ್ಲಿ ಮಂತ್ರಿಯಾದ ಇಖ್ಲಾಸ್ ಖಾನ್, ಯಲ್ಲಾಪುರ-ಹಳಿಯಾಳದ ಸಿದ್ದಿಗಳು ಎಂದಷ್ಟೇ ಹೇಳಿ ಮುಗಿಸುತ್ತೇವೆ. ನಂಟು ಅದಕ್ಕಿಂತ ಬಹಳ ಹಳೆಯದು. ಜೋಳ ಪಳಗಿದ್ದು ಸುಡಾನಿನ ಪೂರ್ವಭಾಗದಲ್ಲಿ. ಅಲ್ಲಿನ ಮಡಕೆಚೂರುಗಳಲ್ಲಿ ಅಚ್ಚೊತ್ತಿದ ಜೋಳದ ಗುರುತುಗಳಿಗೆ ಸುಮಾರು 5000 ವರ್ಷ. ಸಜ್ಜೆಯ ಹಳೆಯ ಕುರುಹು ಮಾಲಿಯಲ್ಲಿದೆ, ಸುಮಾರು 4500 ವರ್ಷದ್ದು. ಅಲಸಂದೆ, ಅವರೆ, ಹುಣಸೆಯೂ ಆ ಖಂಡದವೇ. ಮುದ್ದೆಗೆ ಅವರೆಕಾಳಿನ ಸಾರು ಬಿಟ್ಟರೆ ಹಿಟ್ಟು, ಕಾಳು, ಹುಳಿ ಮೂರೂ ಆಫ್ರಿಕದ ಮೂಲದವಾದವು. ಇವು ಬರುವ ಮೊದಲು ನಮ್ಮ ಬಯಲುಸೀಮೆಯ ನವಶಿಲಾಯುಗದ ಜನ ನೆಚ್ಚಿದ್ದು ಕೊರಲೆಯಂಥ ಸಣ್ಣ ಧಾನ್ಯಗಳನ್ನು, ಹುರುಳಿಯನ್ನು, ಹೆಸರನ್ನು. ಹಳೆಯ ಉತ್ಖನನಗಳಲ್ಲಿ ‘ರಾಗಿ’ ಎಂದು ಬರೆದಿಟ್ಟ ಎಷ್ಟೋ ಕಾಳುಗಳನ್ನು ಸೂಕ್ಷ್ಮದರ್ಶಕದಡಿ ಮತ್ತೆ ನೋಡಿದಾಗ ಇಂಥ ಸ್ಥಳೀಯ ಧಾನ್ಯಗಳೆಂದು ಗೊತ್ತಾಯಿತು. ಬೆಂಕಿಗೆ ಸಿಕ್ಕ ಕಾಳು ಉಬ್ಬಿ ಆಕಾರ ಕೆಡುವುದರಿಂದ ಆದ ತಪ್ಪು ಅದು.

ಉಗಾಂಡದ ಮುದ್ದೆಗೆ ‘ಕಾಲೊ’ ಎನ್ನುತ್ತಾರೆ. ರಾಗಿಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿ, ಕುದಿಯುವ ನೀರಿಗೆ ಹಾಕುತ್ತಲೇ ಮರದ ಹುಟ್ಟಿನಿಂದ ತಿರುವುತ್ತಾರೆ. ರಾಗಿಗೆ ಇಲ್ಲದ ಜಿಗುಟನ್ನು ಮರಗೆಣಸು ಕೊಡುತ್ತದೆ. (ಮರಗೆಣಸು ಪೋರ್ಚುಗೀಸರು ಅಮೆರಿಕದಿಂದ ಈ ಖಂಡಕ್ಕೆ ತಂದದ್ದು.) ನಮ್ಮಲ್ಲಿ ಒಂದು ಲೋಟ ಹಿಟ್ಟಿಗೆ ಹೆಚ್ಚುಕಡಿಮೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟು ಕದಡಿ ಎಸರು ಕುದಿಸಿ, ಉಳಿದದ್ದನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ ಮುಚ್ಚಿಟ್ಟು, ಹಿಟ್ಟು ಬೆಂದಮೇಲೆ ತಿರುವುವುದು. ಆತುರಪಟ್ಟು ಮೊದಲೇ ಕೋಲಾಡಿಸಿದರೆ ಗಂಟು ಕಟ್ಟಿ, ಒಳಗೆ ಹಸಿ ಹಿಟ್ಟು ಉಳಿಯುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ನಮ್ಮ ಬಗೆಯೇ ಮೇಲು, ರಾಗಿಯ ಘಮ ಪೂರ್ತಿ ಉಳಿಯುತ್ತದೆ.

ಮೊಳಕೆಯ ವಿದ್ಯೆಯಲ್ಲಿ ಮಾತ್ರ ಅವರು ನಮಗಿಂತ ಮುಂದೆ. ಪೂರ್ವ ಉಗಾಂಡದ ತೆಸೊ ಜನರ ‘ಅಜೋನ್’ ರಾಗಿಯ ಬಿಯರು. ನಾದಿದ ಹಿಟ್ಟನ್ನು ಸುಮಾರು ಒಂದು ವಾರ ಹುಳಿಯಲು ಬಿಟ್ಟು, ಬೆಂಕಿಯ ಮೇಲೆ ಹುರಿದು, ಒಣಗಿಸಿ, ಅದಕ್ಕೆ ಮೊಳಕೆ ರಾಗಿಯ ಹಿಟ್ಟು ಮತ್ತು ನೀರು ಸೇರಿಸಿ ಮತ್ತೆ ಕೆಲವು ದಿನ ಇಡುತ್ತಾರೆ. ಕುಡಿಯುವಾಗ ನಡುವೆ ಮಡಕೆಯಿಟ್ಟು ಬಿಸಿನೀರು ಹೊಯ್ದು, ತುದಿಗೆ ಜರಡಿಯಿರುವ ಉದ್ದನೆಯ ಕೊಳವೆಗಳಿಂದ ಸುತ್ತ ಕೂತವರೆಲ್ಲ ಹೀರುತ್ತಾರೆ. ಮೊಳಕೆ ಹಿಟ್ಟು ಕಡಿಮೆಯಾದರೆ ಕೆಲಸ ಕೆಡುತ್ತದೆ, ಏಕೆಂದರೆ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕಿಣ್ವ ಇರುವುದು ಮೊಳಕೆಯಲ್ಲೇ. ಕರ್ನಾಟಕದ ತಾಯಂದಿರು ಮಗುವಿಗೆ ರಾಗಿ ಸರಿ ಮಾಡುವಾಗ ನೆಚ್ಚುವುದೂ ಇದೇ ಕಿಣ್ವವನ್ನು. ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ, ಮಗುವಿನ ಹೊಟ್ಟೆಗೆ ಸತ್ವ ಹೆಚ್ಚು ಸೇರುತ್ತದೆ. ಮೊಳಕೆ ಕಾಳನ್ನು ಕೆಂಪಗೆ ಹುರಿದುಬಿಟ್ಟರೆ ಕಿಣ್ವ ಸತ್ತು ಗಂಜಿ ಗಟ್ಟಿಯಾಗುತ್ತದೆ.

ಆಫ್ರಿಕದ ರಾಗಿಬೀಜ ನಮ್ಮಲ್ಲಿಗೆ ಎರಡನೆಯ ಸಲವೂ ಬಂತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಕೂಡಿಸಿದರು. ಅಲ್ಲಿನದಕ್ಕೆ ದಪ್ಪ ಕಾಂಡ, ದೊಡ್ಡ ತೆನೆ, ಬೆಂಕಿರೋಗ ತಡೆಯುವ ಶಕ್ತಿ. ನಮ್ಮದಕ್ಕೆ ಹೆಚ್ಚು ತೆಂಡೆ (ಬುಡದಿಂದ ಒಡೆಯುವ ಕವಲು), ನಮ್ಮ ಮಳೆಗಾಲಕ್ಕೆ ಹೊಂದುವ ಗುಣ. ರಾಗಿಯ ಹೂ ಬಹಳ ಚಿಕ್ಕದು, ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದು, ಹಾಗಾಗಿ ಸಂಕರ ಮಾಡುವುದು ಸುಲಭವಲ್ಲ. ಆ ಶ್ರಮದಿಂದ ಬಂದ ತಳಿಗಳ ಸಾಲಿಗೇ ‘ಇಂಡಾಫ್’ ಎಂದು ಹೆಸರು: ಇಂಡಿಯಾದ ಇಂಡ್, ಆಫ್ರಿಕದ ಆಫ್. ರಾಜ್ಯೋತ್ಸವದ ಊಟದಲ್ಲಿ ಮುದ್ದೆ ಬಡಿಸುವ ನಮ್ಮ ಹೊರನಾಡ ಸಂಘಗಳು, ಪೂರ್ವ ಆಫ್ರಿಕದಲ್ಲಿರುವವಾದರೂ, ನೆರೆಯ ತೆಸೊ ಮನೆಯವರನ್ನು ಅದೇ ಪಂಕ್ತಿಗೆ ಕರೆದು ಈ ಹೆಸರಿನ ಅರ್ಥವನ್ನು ಅವರಿಗೆ ಹೇಳಬೇಕು.