ಸೇತುವೆಯ ವಯಸ್ಸು ಬಿಡಿ, ರಿಪೋರ್ಟ್ ಎಲ್ಲಿದೆ?

ಹಳೇ ಸೇತುವೆ ಮೇಲೆ ಲಾರಿ ಬಿಡಬೇಕೋ ಬೇಡವೋ ಅಂತ ಎಲ್ಲಿ ಚರ್ಚೆ ಎದ್ದರೂ ಎರಡು ಮಾತು ಬಂದೇ ಬರುತ್ತವೆ. "ಬ್ರಿಟಿಷರ ಕಾಲದ್ದು ಮಾರಾಯ್ರೆ, ಈಗಿನ ಕಂಟ್ರಾಕ್ಟರ್ ಕಟ್ಟಿದ್ದಲ್ಲ, ಏನೂ ಆಗಲ್ಲ" ಅನ್ನುವವರು ಒಂದು ಕಡೆ. "ಅಷ್ಟು ವರ್ಷ ಆಯ್ತು, ಇನ್ನೂ ಯಾಕೆ ಇಟ್ಕೊಂಡಿದ್ದೀರಿ, ಕೆಡವಿ" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ನೋಡುತ್ತಿರುವುದು ಸೇತುವೆಯ ಜಾತಕ. ಕೆಳಗಿಳಿದು ಕಂಬ ನೋಡಿದವರು ಯಾರೂ ಇಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡ ನಡುವಿನ ಕಾಳಿ ಸೇತುವೆ ಕುಸಿಯಿತಲ್ಲ, ಅದೇನು ಬ್ರಿಟಿಷರ ಕಾಲದ್ದಾಗಿರಲಿಲ್ಲ. ನಲವತ್ತರ ಆಸುಪಾಸಿನ ಕಾಂಕ್ರೀಟ್ ಸೇತುವೆ. ಮೇಲಿದ್ದ ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿದ್ದು ಪುಣ್ಯ. ಅದೇ ಹಗಲು ಹೊತ್ತಾಗಿದ್ದರೆ? ಅತ್ತ ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ ಎಷ್ಟೋ ನೆರೆ ಕಂಡೂ ಕಲ್ಲುಕಂಬಗಳ ಮೇಲೆ ನಿಂತಿದೆ. ಹಾಗಂತ ಹಳೆಯದೆಲ್ಲ ಗಟ್ಟಿ ಅಂದುಬಿಡಬೇಡಿ. 2016ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಕಲ್ಲಿನ ಕಮಾನು ಸೇತುವೆ ನೆರೆಗೆ ಕೊಚ್ಚಿಹೋಗಿ, ಎರಡು ಸರ್ಕಾರಿ ಬಸ್ಸುಗಳು ಜನರ ಸಮೇತ ನದಿ ಪಾಲಾದವು.

ಸೇತುವೆಯನ್ನು ತಿನ್ನುವುದು ಬೇರೆಯೇ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ, ಉಪ್ಪುನೀರು ಕಾಂಕ್ರೀಟಿನೊಳಗೆ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿದರೆ ಕಾಂಕ್ರೀಟ್ ಸಿಡಿದು ಚಕ್ಕೆ ಉದುರುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಕಾಣದ್ದು ನೀರಿನಡಿ ನಡೆಯುವ ಕೊರೆತ. ನೆರೆ ಬಂದಾಗ ಪ್ರವಾಹ ಕಂಬದ ಬುಡಕ್ಕೆ ಸುತ್ತಿ ಮಣ್ಣು ತೋಡುತ್ತದೆ, ಮೇಲೆ ಡಾಂಬರು ಹೊಸದಾಗಿ ಮಿಂಚುತ್ತಿರುತ್ತದೆ. ಇದರ ಜೊತೆ ನಾವೇ ಕಂಬದ ಹತ್ತಿರ ಮರಳು ಬಗೆದರೆ ಕೇಳುವುದೇ ಬೇಡ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ನದಲ್ಲಿ ಫಲ್ಗುಣಿ ನದಿ ಸೇತುವೆ ಕುಸಿದಾಗ ಊರವರು ಮೊದಲು ಬೆರಳು ತೋರಿಸಿದ್ದೇ ಮರಳುಗಾರಿಕೆಯ ಕಡೆಗೆ.

ಇನ್ನು "ಘನ ವಾಹನ ನಿಷೇಧ" ಬೋರ್ಡು. ಹಗಲು ಬಸ್ ಸಂಚಾರ ನಿಂತುಹೋಗುತ್ತದೆ, ಶಾಲೆ ಮಕ್ಕಳು, ಬೀಡಿ ಕಟ್ಟಿ ಡಿಪೋಗೆ ಒಯ್ಯುವ ಹೆಂಗಸರು ನಡೆಯುತ್ತಾರೆ ಅಥವಾ ಸುತ್ತು ಬಳಸಿ ಆಟೋಗೆ ದುಡ್ಡು ತೆರುತ್ತಾರೆ. ರಾತ್ರಿ ಕೆಂಪುಕಲ್ಲಿನ ಲಾರಿ ಅದೇ ಸೇತುವೆಯನ್ನು ನಡುಗಿಸಿಕೊಂಡು ಹೋಗುತ್ತದೆ. ಅಡ್ಡ ನೆಟ್ಟ ಕಬ್ಬಿಣದ ತಡೆಕಮಾನು ಬಾಗಿದ್ದು ಬಾಗಿದ ಹಾಗೇ. ಹೀಗಿರುವಾಗ ಜನ "ಅಪಾಯವಂತೆ, ಸುಮ್ನೆ ನಾಟಕ" ಅಂದರೆ ತಪ್ಪೇನು? ಅವರಿಗೆ ಸಿಟ್ಟು ಬರುವುದು ನಿಷೇಧಕ್ಕಲ್ಲ, ಅದು ತಮಗೆ ಮಾತ್ರ ಅನ್ವಯ ಆಗುವುದಕ್ಕೆ. ಹಳೇ ಪೇಟೆಯ ಅಂಗಡಿಯವರು ಬಂದ್ ಮಾಡಬೇಡಿ ಅಂತ ಮನವಿ ಕೊಟ್ಟರೆ ಅದನ್ನೂ ನಾನು ಹಳಿಯುವುದಿಲ್ಲ. ಅವರ ಹೊಟ್ಟೆಪಾಡು ಆ ದಾರಿಯಲ್ಲೇ ಇದೆ.

ಹೊಸ ಸೇತುವೆ ಆದ ಕಡೆ ಹಳೆಯದನ್ನು ಕೆಡವಲೇಬೇಕು ಅಂತಲೂ ನನಗನಿಸುವುದಿಲ್ಲ. ನಡೆಯುವವರಿಗೆ, ಸೈಕಲ್ಲಿಗೆ, ಸ್ಕೂಟರಿಗೆ ಬಿಡಬಹುದು. ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ ಮಾಡಿದ ಎಂಜಿನಿಯರ್. ಮೇಲೆ ನಿಂತು ಸೆಲ್ಫಿ ತೆಗೆದ ನಾನೂ ಅಲ್ಲ, ಪರಿಶೀಲನೆಗೆಂದು ಕಾರಿನಲ್ಲಿ ಬಂದು ಕಾರಿನಲ್ಲೇ ಹೋದ ಜನಪ್ರತಿನಿಧಿಯೂ ಅಲ್ಲ.

ಆ ಪರೀಕ್ಷೆಯ ರಿಪೋರ್ಟ್ ಕೇಳಲು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು ಅಂತ ಬೇರೆ ನಿಯಮ ಇದೆ, ಇರಲಿ, ನಮಗೆ ಅಷ್ಟು ಬೇಡ. ನಮ್ಮೂರ ಸೇತುವೆಯನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವತ್ತು? ನೀರಿನಡಿಯ ಬುಡ ನೋಡಿದ್ದಾರಾ? ಎಷ್ಟು ಟನ್ ತಡೆಯುತ್ತದೆ ಅಂತ ಬರೆದಿದ್ದಾರೆ? ಈ ಮೂರನ್ನು ಕೇಳಿ, ಬಂದ ಉತ್ತರವನ್ನು ಸೇತುವೆಯ ಎರಡೂ ತುದಿಯಲ್ಲಿ ಕನ್ನಡದಲ್ಲಿ ಬರೆಸಿ ಹಾಕಿಸೋಣ. ನಿಮ್ಮೂರಲ್ಲಿ ಯಾರಾದರೂ ಈಗಾಗಲೇ ಕೇಳಿದ್ದರೆ, ಸಿಕ್ಕ ಉತ್ತರವನ್ನು ಕಾಮೆಂಟಿನಲ್ಲಿ ಹಾಕಿ.